ಖಾಲಿ ಬಾಟಲಿಯ ಉಸ್ತುವಾರಿ

ಮೀನು ತಿನ್ನುವುದಿಲ್ಲ. ಮೀನು ಹಿಡಿಯುವುದಿಲ್ಲ. ಈಜು ಬರುವುದಿಲ್ಲ. ಮೀನಿನ ವಾಸನೆ ಬಂದರೆ ಮೂಗಿಗೆ ದುಪಟ್ಟಾ ಹಿಡಿಯುತ್ತಾಳೆ. ಇಂಥ ನಮ್ಮ ಅಕ್ಕನ ಮಗಳು ಸಮುದ್ರದ ಮೀನುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದರೆ ನೀವು ನಂಬುತ್ತೀರಾ? ಇಂಡಿಯಿಂದ ಅವಳನ್ನು ನೋಡಲು ಬಂದ ಗಂಡಿನ ಕಡೆಯವರೂ ನಂಬಲಿಲ್ಲ!

ಆ ದಿನ ಬಸವನ ಬಾಗೇವಾಡಿಯ ಅಕ್ಕನ ಮನೆಯ ಪಡಸಾಲೆಯಲ್ಲಿ ಇದ್ದವರು ಇಷ್ಟು ಜನ: ಗೋಡೆಗೆ ಒರಗಿ ನಮ್ಮ ಭಾವ, ಅಡುಗೆಮನೆಯ ಬಾಗಿಲಲ್ಲಿ ಅಕ್ಕ, ಅಕ್ಕನ ಹಿಂದೆ ನನ್ನ ಹೆಂಡತಿ. ಎದುರು ಚಾಪೆಯ ಮೇಲೆ ಹುಡುಗ, ಹುಡುಗನ ತಾಯಿ, ಮತ್ತು ಸಿಂದಗಿಯಿಂದ ಬಂದಿದ್ದ ಹುಡುಗನ ಸೋದರಮಾವ. ನಡುವೆ ನಾನು. ನಿಡಗುಂದಿ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿ ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತನಾದವನು. ಮಾತಾಡುವ ಕೆಲಸವಿದ್ದಲ್ಲೆಲ್ಲ ನನ್ನನ್ನು ಕೂರಿಸುವುದು ನಮ್ಮ ಮನೆತನದ ಹಳೆಯ ತಪ್ಪು.

"ಹುಡುಗಿ ಏನ್ ಕೆಲಸಾ ಮಾಡ್ತಾಳ್ರಿ?" ಎಂದರು ಸಿಂದಗಿಯವರು.

"ಕಾರವಾರದ ಕಡೆ ಸಮುದ್ರದ ನೀರ ಸೋಸ್ತಾಳ್ರಿ," ಎಂದೆ ನಾನು, ಹೆಮ್ಮೆಯಿಂದ.

ಸಿಂದಗಿಯವರ ಮುಖ ಅರಳಿತು. "ಹಂಗಂದ್ರ ಫಿಲ್ಟರ್ ನೀರಿನ ಘಟಕ ಅನ್ರಿ! ನಮ್ಮೂರಾಗೂ ಒಂದ ಐತಿ, ಕೆಟ್ಟು ನಿಂತು ವರ್ಷಾತು. ತಂಗಿ ಒಂದೀಟ ಬಂದು ನೋಡ್ಲಿ ಮತ್ತ."

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಬಂದ ನಮ್ಮ ಹುಡುಗಿ ತಪ್ಪನ್ನು ತಿದ್ದದೆ ಬಿಡುವವಳೇ? "ಅಲ್ರಿ ಕಾಕಾ, ನಾ ನೀರ ಚೆಲ್ಲಿ ಬಿಡ್ತೇನ್ರಿ. ಸೋಸಿದ ಮ್ಯಾಲ ಕಾಗದದಾಗ ಉಳೀತೈತೆಲ್ರಿ ಹೊಲಸ, ಅದನ್ನಷ್ಟ ಇಟ್ಕೋತೇನ್ರಿ," ಎಂದಳು.

ಸೋಸಿದ ನೀರು ಚೆಲ್ಲಿ ಹೊಲಸು ಎತ್ತಿಡುವ ಸೊಸೆ! ಹುಡುಗನ ತಾಯಿ ತಮ್ಮ ಮನೆಯ ಹಾಲಿನ ಪಾತ್ರೆಗಳನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ಎಣಿಸಿಕೊಂಡಂತೆ ಕಂಡಿತು. ಉಪ್ಪಿಟ್ಟು ಪೂರ್ತಿ ತಿಂದು ಹೋದವರು ಇವತ್ತಿಗೂ ಉತ್ತರ ಕಳಿಸಿಲ್ಲ.

ಅಕ್ಕ ಬೈದದ್ದು ಮಗಳನ್ನಲ್ಲ, ನನ್ನನ್ನು. "ಎರಡ ಮಾತ ಛಂದಾಗಿ ಹೇಳ ಅಂತ ಕೂಡ್ರಿಸಿದ್ರ, ನೀರ ಸೋಸ್ತಾಳ ಅಂದೀ? ವಿಜ್ಞಾನಿ ಅದಾಳ ಅನ್ನಾಕ ಏನ ಧಾಡಿ ಆಗಿತ್ತೋ ನಿನಗ?"

ನಿಜ ಹೇಳಬೇಕೆಂದರೆ ಹುಡುಗಿ ಮಾಡುವುದೇನೆಂದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಗೊತ್ತಿದ್ದವನಂತೆ ಕೂಗುವುದು ಮೈಕು ಹಿಡಿದವರಿಗೆ ಅಂಟುವ ರೋಗ. ಅಂದು ಸಂಜೆ ಅವಳನ್ನೇ ಕೂರಿಸಿಕೊಂಡು ಕೇಳಿದೆ.

"ನೋಡ ಮಾಮಾ," ಎಂದಳು. "ಮೀನ ಈಜಾಡೂ ಮುಂದ ಮೈಮ್ಯಾಲಿನ ಲೋಳಿ ಬಿಡ್ತಾವ, ಹುರುಪಿ ಉದರಸ್ತಾವ, ಹೊಟ್ಟಿಯೊಳಗಿಂದೂ ಬಿಡ್ತಾವ. ಅದರಾಗೆಲ್ಲಾ ಅವುಗಳ ಡಿಎನ್‌ಎ ಇರ್ತೈತಿ. ಒಂದ ಬಾಟಲಿ ನೀರ ತಂದು ಸೋಸಿ, ಉಳಿದದ್ದನ್ನ ಪ್ರಯೋಗಶಾಲೆಯೊಳಗ ಓದಿದ್ರ, ಯಾವ ಯಾವ ಮೀನ ಆ ದಾರಿಲೆ ಹೋಗ್ಯಾವ ಗೊತ್ತಾಕೈತಿ. ಬಲಿ ಬ್ಯಾಡ, ಗಾಳಾ ಬ್ಯಾಡ. ಒಂದ ಮೀನೂ ಸಾಯೂದಿಲ್ಲ."

ನಾನು ಸ್ವಲ್ಪ ಯೋಚಿಸಿ ಹೇಳಿದೆ. "ಅಂದ್ರ ನಮ್ಮ ಬಸ್‌ಸ್ಟ್ಯಾಂಡಿನ ಕಸಾ ಇದ್ದಂಗ."

ಬಸ್ಸು ಹೋದ ಮೇಲೆ ಬಿದ್ದ ಕಸ ನೋಡಿ, ಯಾವ ಊರಿನ ಬಸ್ಸು ಬಂದು ಹೋಯಿತೆಂದು ನಾನು ಹೇಳಬಲ್ಲವನಾಗಿದ್ದೆ. ನಿಂಬೆ ಸಿಪ್ಪೆ ಬಿದ್ದಿದ್ದರೆ ಇಂಡಿ. ಶೇಂಗಾ ಸಿಪ್ಪೆ ಮೊಣಕಾಲೆತ್ತರ ಬಿದ್ದಿದ್ದರೆ ಸಿಂದಗಿ. ಮೊಸರಿನ ಗಡಿಗೆಯ ಚೂರಿದ್ದರೆ ಕೊಲ್ಹಾರ. ಕೊಲ್ಹಾರದ ಮೊಸರು ಒಯ್ಯುವವರಲ್ಲಿ ಒಬ್ಬರಾದರೂ ಗಡಿಗೆ ಒಡೆಯದೆ ಬಸ್ಸು ಇಳಿದದ್ದಿಲ್ಲ. ಯಾರ ಕಸವೂ ಇಲ್ಲದೆ ಬರೀ ಜಗಳದ ಸದ್ದು ಉಳಿದಿದ್ದರೆ ಅದು ಮುದ್ದೇಬಿಹಾಳದ ಬಸ್ಸು. ಕ್ಷಮಿಸಿ, ನನ್ನ ಹೆಂಡತಿಯ ತವರು ಮುದ್ದೇಬಿಹಾಳ.

"ಬರೋಬ್ಬರಿ ಮಾಮಾ!" ಎಂದು ಅವಳು ಚಪ್ಪಾಳೆ ತಟ್ಟಿದಳು. "ನಮ್ಮ ಗೈಡ್ ಸರ್‌ಗಿಂತ ಛಲೋ ಹೇಳಿದಿ ನೋಡ."

ಈ ಒಂದು ಮಾತೇ ನನ್ನನ್ನು ಕೆಡಿಸಿತು. ಅಂದಿನಿಂದ ನಾನು ನನ್ನನ್ನೇ ಅರ್ಧ ವಿಜ್ಞಾನಿ ಎಂದು ನೇಮಕ ಮಾಡಿಕೊಂಡೆ.

ಪೂರ್ತಿ ವಿಜ್ಞಾನಿಯ ವಿಷಯ ಕೇಳಿ. ಅವಳು ರಜೆಗೆ ಬಂದಳೆಂದರೆ ಅಕ್ಕನ ಮನೆ ಆಸ್ಪತ್ರೆಯಂತೆ ಬ್ಲೀಚಿಂಗ್ ಪೌಡರ್ ನಾರುತ್ತದೆ. ಅವಳ ಪೆಟ್ಟಿಗೆಯ ಹತ್ತಿರ ಯಾರೂ ಟವೆಲ್ ಜಾಡಿಸುವಂತಿಲ್ಲ, ತಲೆ ಬಾಚುವಂತಿಲ್ಲ, ಸೀನುವುದಂತೂ ಮಹಾಪರಾಧ. ಒಮ್ಮೆ ನಾನು ಹೊಸ್ತಿಲಲ್ಲಿ ಕೆಮ್ಮಿದ್ದಕ್ಕೆ ಮೇಜನ್ನು ಮೂರು ಸಲ ಒರೆಸಿದಳು, ನನ್ನನ್ನು ಮಾತ್ರ ಒರೆಸಲಿಲ್ಲ. ಬಾಟಲಿಗಳ ಜೊತೆ ಮಾತಾಡುತ್ತಾಳೆ. "ನೀ ಸುಮ್ನ ಕೂಡ್ರು, ನಿನ್ನ ಪಾಳಿ ಬರ್ತೈತಿ" ಎನ್ನುತ್ತಾಳೆ. ಅಕ್ಕ ಒಮ್ಮೆ ಗುಟ್ಟಾಗಿ ನನ್ನನ್ನು ಕೇಳಿದಳು, "ಯಾರರ ಶಾಣ್ಯಾರಿಗೆ ತೋರಿಸೂಣೇನೋ?" ನಾನು ಹೇಳಿದೆ, "ಶಾಣ್ಯಾರಿಗೇ ಹಿಂಗ ಆಕ್ಕೈತಿ. ನಿನಗ ನನಗ ಈ ಭಯಾ ಇಲ್ಲ."

ಈಗ ಕೊಲ್ಹಾರದ ಪ್ರಸಂಗ. ಇದನ್ನು ಬರೆಯಬೇಡಿರೆಂದು ಹೆಂಡತಿ ಹೇಳಿದ್ದಾಳೆ, ಬರೆಯುತ್ತಿದ್ದೇನೆ.

ನನ್ನ ರಕ್ತದೊತ್ತಡ ಏರಿತೆಂದು ನನ್ನ ಹೆಂಡತಿ ತನ್ನ ತವರಿನ ದೇವರಿಗೆ ಒಂದು ಹರಕೆ ಹೊತ್ತಿದ್ದಳು: ಒಂದು ವರ್ಷ ನಾನು ಕೋಳಿ, ಕುರಿ ಮುಟ್ಟಬಾರದು. ಹರಕೆ ಅವಳದು, ನಾಲಿಗೆ ನನ್ನದು! ಆ ವರ್ಷವೇ ಅಕ್ಕನ ಮಗಳು ಹೊಸ ಪಂಪು ಪರೀಕ್ಷಿಸಲು ಕೊಲ್ಹಾರದ ಸೇತುವೆಯ ಕೆಳಗೆ, ಕೃಷ್ಣೆಯ ಹಿನ್ನೀರಿಗೆ ಹೊರಟಳು. ಅರ್ಧ ವಿಜ್ಞಾನಿ ಹಿಂದೆ ಉಳಿಯುತ್ತಾನೆಯೇ? ಅವಳು ಪಂಪು ಜೋಡಿಸುವಷ್ಟರಲ್ಲಿ ನಾನು ಮೇಲಿನ ಖಾನಾವಳಿಗೆ ಹೋಗಿ ಎರಡು ಜೋಳದ ರೊಟ್ಟಿಯ ಜೊತೆ ಹರಕೆ ಮುರಿದು ಬಂದೆ. ಸಾಕ್ಷಿ ಉಳಿಯಬಾರದೆಂದು ದಂಡೆಯ ನೀರಿನಲ್ಲಿ ಕೈಬಾಯಿ ಚೆನ್ನಾಗಿ ತೊಳೆದುಕೊಂಡೆ. ಅವಳು ಬಾಟಲಿ ತುಂಬುತ್ತಿದ್ದ ಜಾಗಕ್ಕಿಂತ ನಾಲ್ಕು ಮಾರು ಮೇಲೆ, ಅಷ್ಟೇ.

ಮೂರು ವಾರದ ಮೇಲೆ ಅವಳ ಫೋನು. ಹೆಂಡತಿ ಸ್ಪೀಕರಿಗೆ ಹಾಕಿದ್ದಳು.

"ಮಾಮಾ, ಪಂಪು ಬೆಸ್ಟ್ ಐತಿ! ಕೊಲ್ಹಾರದ ನೀರಿನ್ಯಾಗ ಕಾಟ್ಲಾ ಐತಿ, ರೋಹು ಐತಿ, ಎಮ್ಮಿ ಐತಿ. ಖರೆ ಒಂದ ತಿಳಿವಲ್ದು. ಕೋಳಿ ಭಾಳ ಐತಿ!"

ಹೆಂಡತಿ ನನ್ನ ಕಡೆ ನಿಧಾನವಾಗಿ ತಿರುಗಿದಳು. "ಹೊಳಿಯೊಳಗ ಕೋಳಿ ಈಜಾಡ್ತಾವೇನ್ರಿ?"

ಹರಕೆ ಮತ್ತೆ ಮೊದಲನೆಯ ದಿನದಿಂದ ಶುರುವಾಯಿತು. ಇದರಿಂದ ನಾನು ಪಾಠ ಕಲಿತೆನೇ? ಕಲಿತಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಅವಳ ಜೊತೆ ಕೆಲಸ ಮಾಡುವ ಗೆಳತಿಗೆ ಕಾಲು ಉಳುಕಿತು. ಬಾಟಲಿ ಹಿಡಿಯಲು ಒಬ್ಬರು ಬೇಕಾಗಿತ್ತು. ನಾನು ಬ್ಯಾಗು ತುಂಬಿಕೊಂಡೇ ಫೋನು ಮಾಡಿದೆ. ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಘಟ್ಟ ಇಳಿದು, ಅರವತ್ತು ದಾಟಿದ ಮೇಲೆ ಮೊದಲ ಸಲ ಸಮುದ್ರ ನೋಡಿದೆ. ಏನಾದರೂ ಹೇಳಬೇಕಲ್ಲ? ದೋಣಿಯ ಮುದುಕನಿಗೆ ಹೇಳಿದೆ, "ಆಲಮಟ್ಟಿಗಿಂತ ಒಂದೀಟ ದೊಡ್ಡದೈತ್ರಿ."

ಮುದುಕ ಸಮುದ್ರವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಇರಬಹುದು," ಎಂದ. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಅಳೆದು ತೂಗಿದ ಕನ್ನಡ. ಅವನ ಮರ್ಯಾದೆ ದೊಡ್ಡದು.

ಅವಳು ಹುಡುಕುತ್ತಿದ್ದದ್ದು ಗರಗಸ ಮೀನನ್ನು. ಮೂತಿಯ ಜಾಗದಲ್ಲಿ ಎರಡೂ ಕಡೆ ಹಲ್ಲಿನ ಉದ್ದ ಗರಗಸ ಇರುವ ದೊಡ್ಡ ಮೀನು. ಹಿಂದೆ ನದಿ ಸಮುದ್ರ ಸೇರುವ ಆ ಅಳಿವೆಗೆ ಮರಿ ಹಾಕಲು ಬರುತ್ತಿತ್ತಂತೆ. ಗರಗಸ ಬಲೆಗೆ ಸಿಕ್ಕಿಕೊಂಡು ಸಿಕ್ಕಿಕೊಂಡು ಈಗ ಕಾಣುವುದೇ ಇಲ್ಲ. ಕಾಣದಿದ್ದರೂ ಬರುತ್ತಿದೆಯೋ ಏನೋ, ನೀರನ್ನೇ ಕೇಳಬೇಕು. ಬರುತ್ತಿದೆ ಎಂದು ತೋರಿಸಿದರೆ ಆ ಹಂಗಾಮಿನಲ್ಲಿ ಅಲ್ಲಿ ಬಲೆ ಬಿಡಬೇಡಿ ಎಂದು ಕೇಳಬಹುದು.

"ಈ ಸಲ ಸಿಕ್ಕರ ನನ್ನ ಥೀಸಿಸ್ ಮುಗಿತೈತಿ ಮಾಮಾ," ಎಂದಳು. "ಸಿಗಲಿಲ್ಲಂದ್ರ ಇನ್ನೊಂದ ವರ್ಷ. ಅದೂ ಗೈಡ್ ಸರ್ ಒಪ್ಪಿದ್ರ."

ಎಂಟು ಬಾಟಲಿಗಳಿದ್ದವು. ಒಂಬತ್ತನೆಯದೊಂದು ಬೇರೆ, ಅದಕ್ಕೆ 'ಖಾಲಿ ಬಾಟಲಿ' ಎಂದು ಹೆಸರು. ಖಾಲಿ ಎಂದರೆ ಖಾಲಿಯಲ್ಲ, ಒಳಗೆ ಪ್ರಯೋಗಶಾಲೆಯ ಶುದ್ಧ ನೀರು. ಅದನ್ನು ದೋಣಿಯವರೆಗೆ ಒಯ್ಯುವುದು, ಉಳಿದ ಬಾಟಲಿಗಳ ಜೊತೆ ಮುಚ್ಚಳ ತೆಗೆಯುವುದು, ಮುಚ್ಚುವುದು, ಹಾಗೆಯೇ ವಾಪಸ್ ತರುವುದು.

"ಮನಿ ನೀರ ಒಯ್ದು ಸಮುದ್ರಕ್ಕ ತೋರಿಸಿಕೊಂಡು ಬರೂದ? ಇದೆಂಥಾ ದಿಂಡೀ ಯಾತ್ರಾ ಅವ್ವಾ!" ಎಂದು ನಾನು ನಕ್ಕೆ.

ಅವಳು ನಗಲಿಲ್ಲ. "ಇದರಾಗ ಮೀನ ಸಿಕ್ಕಿತಂದ್ರ ಅದು ಸಮುದ್ರದ ಮೀನಲ್ಲ ಮಾಮಾ, ನಮ್ಮ ಕೈಯಾಗಿನ ಹೊಲಸ ಅಂತ ಅರ್ಥ. ಇದು ಸಾಕ್ಷಿ ಬಾಟಲಿ. ಇದನ್ನ ನಾನಽ ಹಿಡೀತೇನಿ. ನೀ ಮುಟ್ಟಬ್ಯಾಡ." ಆ ಕೋಳಿಯನ್ನು ಅವಳು ಮರೆತಿರಲಿಲ್ಲ.

ಐದು ಬಾಟಲಿ ತುಂಬುವಷ್ಟರಲ್ಲಿ ನಾನು ದೋಣಿಯ ಅಂಚಿಗೆ ಬಗ್ಗಿ ಬೆಳಗಿನ ಅವಲಕ್ಕಿಯನ್ನೆಲ್ಲ ಅರಬ್ಬಿ ಸಮುದ್ರಕ್ಕೆ ಅರ್ಪಿಸಿದ್ದೆ. "ಆ ಕಡೆ! ಆ ಕಡೆ ಮಾಮಾ! ಹರಿವಿನ ಕೆಳಗ!" ಎಂದು ಅವಳು ಕೂಗಿದಳೇ ಹೊರತು, ಬೆನ್ನು ಸವರುವ ಮಾತಿಲ್ಲ. ಮುದುಕನಿಗೆ ಕನಿಕರ ಬಂದು ದೋಣಿಯನ್ನು ದಂಡೆಗೆ ತಂದು, ಗಂಜಿ ಕುಡಿಯಲು ತನ್ನ ಮನೆಗೆ ಕರೆದೊಯ್ದ.

ಆ ಮನೆಯ ಬಾಗಿಲ ಮೇಲೆ ಅದು ತೂಗುತ್ತಿತ್ತು. ನನ್ನ ತೋಳಿಗಿಂತ ಉದ್ದದ, ಹಳದಿಗಟ್ಟಿದ ಗರಗಸ, ಮೇಲೆ ಒಣಗಿದ ಒಂದು ಹೂವು.

"ಹಿಡಿದದ್ದು ನನ್ನ ಅಪ್ಪ," ಎಂದ ಮುದುಕ. "ನಾನು ಆಗ ಸಣ್ಣವ. ಅದರ ಹೊಟ್ಟೆಯಲ್ಲಿ ಮರಿಗಳಿದ್ದವು. ಅಪ್ಪ ಆಮೇಲೆ ಎರಡು ದಿನ ಊಟ ಮಾಡಲಿಲ್ಲ. ಅಂದಿನಿಂದ ಇದಕ್ಕೆ ಹೂವು ಇಡುತ್ತೇವೆ." ಹಾಗೆನ್ನುತ್ತ ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟ.

ಈಗ ನೀವೇ ಹೇಳಿ, ಹಿರಿಯರೊಬ್ಬರು ಹೂವಿಟ್ಟ ವಸ್ತುವನ್ನು ಕೈಗೆ ಕೊಟ್ಟರೆ ನಮ್ಮ ಕಡೆಯವರು ಏನು ಮಾಡುತ್ತಾರೆ? ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಚಪ್ಪಲಿ ಹಾಕಿಕೊಂಡು ಗುಡಿಯೊಳಗೆ ಹೋಗುವುದುಂಟೇ? ಹಾಗೆಯೇ ರಬ್ಬರಿನ ಕೈಗವಸು ಹಾಕಿಕೊಂಡು ನಮಸ್ಕಾರ ಮಾಡುವುದೂ ಉಂಟೇ? ನಾನು ಕೈಗವಸು ಕಳಚಿ ಜೇಬಿಗಿಟ್ಟೆ. ಗರಗಸವನ್ನು ಎರಡೂ ಕಣ್ಣಿಗೆ ಒತ್ತಿದೆ, ಹಣೆಗೆ ಮುಟ್ಟಿಸಿದೆ, ಹಲ್ಲುಗಳ ಮೇಲೆ ಒಂದೊಂದಾಗಿ ಕೈಯಾಡಿಸಿದೆ. ಅಕ್ಕನ ಮಗಳು ಹಿತ್ತಲಲ್ಲಿ ಪಂಪು ತೊಳೆಯುತ್ತಿದ್ದಳು, ನೋಡಲಿಲ್ಲ.

ಮತ್ತೆ ದೋಣಿ. "ಆರನೇದು ಕೊಡ ಮಾಮಾ," ಎಂದಳು ನೋಟ್‌ಬುಕ್ಕಿನಿಂದ ತಲೆಯೆತ್ತದೆ. ತೆರೆ ಎತ್ತಿಹಾಕಿತು, ಬಾಟಲಿ ಜಾರಿತು, ಗಪ್ಪನೆ ಹಿಡಿದೆ. ಮುಚ್ಚಳ ನನ್ನ ಅಂಗೈಯಲ್ಲಿ, ನನ್ನ ಹೆಬ್ಬೆರಳು ಬಾಟಲಿಯ ಬಾಯೊಳಗೆ. ಬರಿಗೈ! ಅವಸರದಲ್ಲಿ ಜೇಬಿನ ಕೈಗವಸು ಏರಿಸಿಕೊಂಡು ಬಾಟಲಿ ಕೊಟ್ಟೆ. ಹೇಳಬಹುದಿತ್ತು. ಈಗಷ್ಟೇ ವಾಂತಿಗೆ ಬೈಸಿಕೊಂಡಿದ್ದೆ. ಒಂದು ಹೆಬ್ಬೆರಳಿನಿಂದ ಇಷ್ಟು ದೊಡ್ಡ ಸಮುದ್ರಕ್ಕೆ ಏನಾಗುತ್ತದೆ ಎಂದುಕೊಂಡೆ.

ಎರಡು ತಿಂಗಳ ಮೇಲೆ ಅವಳು ಬಾಗೇವಾಡಿಗೆ ಓಡಿ ಬಂದಳು. ಗರಗಸ ಮೀನು ಸಿಕ್ಕಿತ್ತು! ಅಕ್ಕ ಹೂರಣದ ಹೋಳಿಗೆ ಮಾಡಿದಳು. ಭಾವ ಓಣಿಯವರನ್ನೆಲ್ಲ ಕರೆದ. ಮೀನು ಹಿಡಿಯದೆಯೇ ಹಿಡಿದ ಹುಡುಗಿಯೆಂದು ಎಲ್ಲರೂ ಹೊಗಳುವವರೇ. ಪಕ್ಕದ ಮನೆಯವರು "ಎಷ್ಟ ಕಿಲೋದ್ದ ಐತಿ?" ಎಂದು ಕೇಳಿದರು.

"ಎಂಟರಾಗ ಒಂದರಾಗಷ್ಟ ಸಿಕ್ಕೈತಿ ಮಾಮಾ," ಎಂದಳು ನನ್ನ ತಟ್ಟೆಗೆ ತುಪ್ಪ ಬಡಿಸುತ್ತ. "ಖಾಲಿ ಬಾಟಲಿ ಸ್ವಚ್ಛ ಐತಿ. ನಾಳೆ ಗೈಡ್ ಸರ್‌ಗೆ ಎಲ್ಲಾ ಕಳಸ್ತೇನಿ."

"ಯಾವ ಬಾಟಲಿ?"

"ಆರನೇದು."

ಎಂಟರಲ್ಲಿ ಆರನೆಯದು! ನನ್ನ ಹೆಬ್ಬೆರಳು ತಟ್ಟೆಯ ಅಂಚಿನ ಮೇಲೆ ಏನೂ ಅರಿಯದಂತೆ ಕೂತಿತ್ತು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಖಾಲಿ ಬಾಟಲಿ ಸ್ವಚ್ಛವಿದೆ. ಅದನ್ನು ಅವಳು ನನ್ನ ಕೈಗೆ ಕೊಟ್ಟಿರಲಿಲ್ಲವಲ್ಲ. ಥೀಸಿಸ್ ಮುಗಿಯುತ್ತದೆ. ಅಕ್ಕನ ಮುಖದಲ್ಲಿ ಇಂಡಿಯವರು ಹೋದಾಗಿನಿಂದ ಕಾಣದಿದ್ದ ನಗು ಬಂದಿದೆ. ಅದನ್ನು ನಾನೇ ಅಳಿಸಬೇಕೇ?

ನನ್ನಲ್ಲಿ ಒಳ್ಳೆಯ ಗುಣಗಳು ಹೆಚ್ಚಿಲ್ಲ. ಇದ್ದದ್ದು ಒಂದೇ. ಮೂವತ್ತು ವರ್ಷ ರಿಜಿಸ್ಟರ್ ಬರೆದವನು ನಾನು. ತಡವಾದ ಬಸ್ಸನ್ನು ತಡವೆಂದು ಬರೆದಿದ್ದೇನೆ, ಕೆಟ್ಟದ್ದನ್ನು ಕೆಟ್ಟಿತೆಂದು ಬರೆದಿದ್ದೇನೆ. ಬಾರದ ಬಸ್ಸನ್ನು 'ಬಂತು' ಎಂದು ಒಂದು ದಿನವೂ ಬರೆದಿಲ್ಲ. ಬರೆದರೆ ಆ ಬಸ್ಸಿಗಾಗಿ ಮುಂದಿನ ಊರಿನಲ್ಲಿ ಜನ ಬಿಸಿಲಿನಲ್ಲಿ ನಿಂತು ಕಾಯುತ್ತಾರೆ.

ಎದ್ದು ಕೈ ತೊಳೆದು, ಅವಳನ್ನು ಹಿತ್ತಲಿಗೆ ಕರೆದೆ.

"ಅವ್ವಾ, ಆ ಬಸ್ಸ ಬಂದಿಲ್ಲ."

"ಯಾವ ಬಸ್ಸ?"

"ಗರಗಸದ ಬಸ್ಸ. ಅದು ನನ್ನ ಕೈಯಾಗಿಂದು." ಕೈಗವಸು, ಹೂವು, ಕಣ್ಣಿಗೆ ಒತ್ತಿಕೊಂಡದ್ದು, ಹೆಬ್ಬೆರಳು, ಎಲ್ಲ ಹೇಳಿದೆ. ಮೈಕಿನಲ್ಲಿ ಮೂವತ್ತು ವರ್ಷ ಕೂಗಿದ ದನಿ ಅಂದು ನನಗೇ ಕೇಳಿಸಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತುಳಸಿಕಟ್ಟೆಯ ಮೇಲೆ ಕೂತು, ನೋಟ್‌ಬುಕ್ಕು ತೆಗೆದು ಆರನೆಯ ಸಾಲಿನ ಮೇಲೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಏನೋ ಬರೆದಳು. ನೋಟ್‌ಬುಕ್ಕು ಮುಚ್ಚಿ, "ಒಳಗ ನೀ ಹೇಳಬ್ಯಾಡ. ನಾ ಹೇಳ್ತೇನಿ," ಎಂದಳು. ಒಳಗೆ ಹೋಗಿ, "ಪರೀಕ್ಷಾದಾಗ ತಪ್ಪಾಗೈತೆಂತ, ಮತ್ತೊಮ್ಮೆ ಮಾಡಬೇಕು," ಎಂದಷ್ಟೇ ಹೇಳಿದಳು. ಯಾರ ತಪ್ಪೆಂದು ಹೇಳಲಿಲ್ಲ. ಅಕ್ಕ ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬಿ, ನನ್ನ ಕಡೆ ನೋಡದೆ ನನ್ನ ಹೆಂಡತಿಯ ಕೈಗೇ ಕೊಟ್ಟಳು.

ಒಂದು ವರ್ಷ ಹೋಯಿತು. ನನ್ನಿಂದಾಗಿ ಹೋಯಿತು. ಗೈಡ್ ಸರ್ ಒಪ್ಪಿದರಂತೆ, ಮನಸ್ಸಿಲ್ಲದೆ. ನಾನು ಅವಳಿಗೆ ಫೋನು ಮಾಡುವುದನ್ನೇ ಬಿಟ್ಟಿದ್ದೆ. ಮಾಡಿ ಏನು ಹೇಳುವುದು? ಅರ್ಧ ವಿಜ್ಞಾನಿಯ ಹುದ್ದೆಗೆ ಒಳಗೊಳಗೇ ರಾಜೀನಾಮೆ ಕೊಟ್ಟು, ಓಣಿಯಲ್ಲಿ ಯಾರಾದರೂ ಮೀನಿನ ಮಾತೆತ್ತಿದರೆ ಹವಾಮಾನದ ಮಾತು ತೆಗೆಯುತ್ತಿದ್ದೆ.

ಮತ್ತೆ ಮಳೆಗಾಲ ಮುಗಿದಾಗ ಫೋನು ಅವಳಿಂದಲೇ ಬಂತು.

"ಮಾಮಾ, ಬ್ಯಾಗ್ ತುಂಬಕೋ. ಮುಂದಿನ ವಾರ ಹೋಗೂದೈತಿ."

"ನಾನೇನ? ಬ್ಯಾಡವ್ವಾ. ನಿನ್ನ ಗೆಳತಿ ಕಾಲ ನೆಟ್ಟಗಾಗಿಲ್ಲೇನು?"

"ಆಗೈತಿ. ಆಕಿ ಬಾಟಲಿ ತುಂಬ್ತಾಳ. ನೀ ಖಾಲಿ ಬಾಟಲಿ ಹಿಡಿ."

"ಸಾಕ್ಷಿ ಬಾಟಲಿ ನನ್ನ ಕೈಯಾಗ? ನಿನಗ ತಲಿ ಕೆಟ್ಟೈತೇನು?"

"ತಪ್ಪ ಎಲ್ಲಾರೂ ಮಾಡ್ತಾರ ಮಾಮಾ," ಎಂದಳು. "ಹೋಳಿಗಿ ಊಟ ಬಿಟ್ಟ ಎದ್ದು ಹೇಳಾವ್ರು ಎಲ್ಲೆ ಸಿಗ್ತಾರ?"

ಗರಗಸ ಮುಟ್ಟಿದವರ ದೋಣಿ ಬೇಡವೆಂದು ಈ ಸಲ ಬೇರೆ ದೋಣಿ. ಮೊದಲು ನೀರು, ಆಮೇಲೆ ಮುದುಕನ ಮನೆ. ನಾನು ಹಿಂದಿನ ರಾತ್ರಿಯಿಂದಲೇ ಉಪವಾಸವಿದ್ದೆ, ಹೊಟ್ಟೆಯಲ್ಲಿ ಏನಾದರೂ ಇದ್ದರೆ ತಾನೇ ಸಮುದ್ರಕ್ಕೆ ಹೋಗುವುದು! ಎರಡು ಜೊತೆ ಕೈಗವಸಿನೊಳಗೆ ಆ ಬಾಟಲಿಯನ್ನು ಹಡೆದ ಕೂಸಿನಂತೆ ಎದೆಗೆ ಅವಚಿ ಕೂತೆ. ಎಂಟು ಸಲ ಅವಳು ಹೇಳಿದಾಗ ಮುಚ್ಚಳ ತೆಗೆದೆ, ಎಂಟು ಸಲ ಮುಚ್ಚಿದೆ, ಉಸಿರು ಬಿಗಿಹಿಡಿದುಕೊಂಡೇ. ಎಲ್ಲ ಬಾಟಲಿಗಳೂ ಪೆಟ್ಟಿಗೆ ಸೇರಿ ಬೀಗ ಬಿದ್ದ ಮೇಲೆ ಮುದುಕನ ಮನೆಗೆ ಹೋದೆವು. ಗರಗಸ ಅಲ್ಲೇ ತೂಗುತ್ತಿತ್ತು, ಹೊಸ ಹೂವಿತ್ತು. ಈಗ ಮುಟ್ಟಿದರೂ ಏನೂ ಆಗುತ್ತಿರಲಿಲ್ಲ. ಆದರೂ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತು ತಲೆಯನ್ನಷ್ಟೇ ಬಗ್ಗಿಸಿದೆ. ಮುದುಕ ನನ್ನನ್ನು ನೋಡಿ ನಕ್ಕ. ಅವಳು ಅವನಿಗೆ ಎಲ್ಲ ಹೇಳಿದ್ದಳೆಂದು ಕಾಣುತ್ತದೆ.

ಎರಡು ತಿಂಗಳು ಕಳೆದು ಒಂದು ಬೆಳಿಗ್ಗೆ, ನಾನು ರೊಟ್ಟಿ ಮುರಿಯುತ್ತ ಕೂತಿದ್ದಾಗ ಫೋನು ಬಂತು.

"ಮಾಮಾ, ನಿನ್ನ ಬಾಟಲಿಯೊಳಗ ಏನೂ ಇಲ್ಲ."

"ಏನೂ ಇಲ್ಲ?"

"ಏನಂದ್ರ ಏನೂ ಇಲ್ಲ. ಮೀನ ಇಲ್ಲ, ಕೋಳಿ ಇಲ್ಲ, ನೀನೂ ಇಲ್ಲ."

ಕಣ್ಣು ಯಾಕೋ ಮಂಜಾಯಿತು. ಹೆಂಡತಿ ತವೆಯ ಮುಂದಿನಿಂದ ಎದ್ದು ಬಂದಳು. "ಯಾಕ್ರಿ, ಏನಾತು?"

"ನನ್ನ ಬಾಟಲಿ ಖಾಲಿ ಐತೆಂತ."

"ಖಾಲಿ ಇದ್ದಿದ್ದಕ್ಕ ಯಾರರ ಅಳ್ತಾರೇನ್ರಿ?"

ಫೋನಿನಲ್ಲಿ ಅವಳು ಇನ್ನೂ ಇದ್ದಳು. ದನಿ ಸಣ್ಣಗಾಗಿತ್ತು. "ಮಾಮಾ, ಮೂರನೇದರಾಗೂ ಐತಿ, ಏಳನೇದರಾಗೂ ಐತಿ. ಬಸ್ಸ ಬಂತು. ಬರಕೋ."

ಗೋಡೆಯ ಗಡಿಯಾರ ನೋಡಿದೆ. ಅದರ ಕೆಳಗಿನ ಗೂಡಿನಿಂದ ನನ್ನ ಹಳೆಯ ಡೈರಿ ತೆಗೆದು, ಹೊತ್ತು ಬರೆದು, ಮುಂದೆ ಬರೆದೆ: ಬಂತು.